ವೆಬ್‌ಸೈಟ್ ಇದೆ, ಕರೆ ಬರುತ್ತಿಲ್ಲ

ಪ್ರಶ್ನೆ: ನಾನು ಹಿಪ್ನೋಥೆರಪಿಸ್ಟ್ (ಸಮ್ಮೋಹನ ಚಿಕಿತ್ಸಕ). ಕನ್ನಡದಲ್ಲೇ ವೆಬ್‌ಸೈಟ್ ಮಾಡಿಸಿದ್ದೇನೆ. ಜನ ನೋಡುತ್ತಾರೆ, ಆದರೆ ಕರೆ ಮಾಡುವುದಿಲ್ಲ. ಏನು ಬದಲಿಸಲಿ?
– ಓದುಗರು, ಮೈಸೂರು

ಉತ್ತರ: ಮೊಬೈಲ್‌ನಲ್ಲಿ ಸೈಟ್ ತೆರೆದು ಮೊದಲ ಪರದೆಯಷ್ಟನ್ನೇ ನೋಡಿ. ಸೂರ್ಯೋದಯದ ಚಿತ್ರ, ‘ಸುಪ್ತಮನಸ್ಸಿನ ಶಕ್ತಿ’ ಎಂಬ ಸಾಲು ಮಾತ್ರ ಕಂಡರೆ ತೊಡಕು ಅಲ್ಲೇ ಇದೆ. ಯಾವ ತೊಂದರೆಗೆ, ಎಲ್ಲಿ, ಎಷ್ಟು ಹೊತ್ತು, ಎಷ್ಟು ಶುಲ್ಕ ಎಂಬುದು ಅಲ್ಲೇ ಸಿಗಬೇಕು. ಒತ್ತಿದರೆ ಕರೆ ಹೋಗುವ ಬಟನ್ ಕೂಡ. ಫೋನ್ ನಂಬರನ್ನು ಚಿತ್ರದೊಳಗೆ ಬರೆಸಿದ್ದರೆ ಒತ್ತಲು ಬರುವುದಿಲ್ಲ.

ನಿಮ್ಮಲ್ಲಿಗೆ ಬರುವವರ ದೊಡ್ಡ ಅಂಜಿಕೆ, ‘ನನ್ನ ಮೇಲೆ ನನಗೇ ಹಿಡಿತ ತಪ್ಪೀತೇ?’ ಎಂಬುದು. ಆದ್ದರಿಂದ ಮೊದಲ ಭೇಟಿ ಹೇಗಿರುತ್ತದೆಂದು ಬಿಡಿಸಿ ಬರೆಯಿರಿ: ಮಾತುಕತೆ, ಸಮ್ಮತಿ, ಕಣ್ಣು ಮುಚ್ಚಿ ಕೂರುವುದು, ಬೇಡವೆನಿಸಿದರೆ ನಡುವೆಯೇ ನಿಲ್ಲಿಸುವ ಅವಕಾಶ. ನಮ್ಮ ಪ್ರಕಾರ ಇಡೀ ಸೈಟಿನಲ್ಲಿ ಅತಿ ಮುಖ್ಯ ಪುಟ ಇದೇ. ನಿಮ್ಮ ತರಬೇತಿಯ ವಿವರವೂ ಇಲ್ಲೇ ಇರಲಿ.

‘ನೂರಕ್ಕೆ ನೂರು ಗುಣ’ ಎಂದು ಬರೆಸಿದ್ದರೆ ಇಂದೇ ಅಳಿಸಿ. ಮಧುಮೇಹ, ಮೂರ್ಛೆರೋಗ, ಕ್ಯಾನ್ಸರ್ ವಾಸಿ ಮಾಡುತ್ತೇವೆಂಬ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ತಕರಾರಿಗೆ ಸಿಲುಕಬಹುದು. ತೀವ್ರ ಸಂಕಟದಲ್ಲಿರುವವರಿಗಾಗಿ ಪ್ರತಿ ಪುಟದ ತಳದಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಹಾಕಿ.

ಇನ್ನು ಅಕ್ಷರ. ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಪಠ್ಯವನ್ನು ಹಾಗೇ ಅಂಟಿಸಿದ್ದರೆ ಓದುಗರ ಫೋನಿನಲ್ಲಿ ಗೀಚಿದಂತೆ ಕಾಣುತ್ತದೆ, ಗೂಗಲ್‌ಗೂ ಸಿಗುವುದಿಲ್ಲ, ಎಲ್ಲ ಫೋನುಗಳೂ ಓದಬಲ್ಲ ಯೂನಿಕೋಡ್ ಅಕ್ಷರಕ್ಕೆ ಪರಿವರ್ತಿಸಿ. ಸಾಲಂತರ 1.2 ಇದ್ದರೆ ‘ಸ್ತ್ರೀ’ಯಂಥ ಪದದ ಒತ್ತುಗಳು ಕೆಳಸಾಲಿಗೆ ತಾಗುತ್ತವೆ, 1.7ಕ್ಕೆ ಏರಿಸಿ. ಪುಟ ಬೇಗ ತೆರೆಯಲು ಪ್ರತಿ ಫೋಟೊದ ಗಾತ್ರವನ್ನು 200 ಕೆಬಿಯೊಳಗೆ ಇಳಿಸಿ.