ಓದುಗರ ಪ್ರಶ್ನೆ: ಮೆಚ್ಚಿದ ಪುಸ್ತಕವನ್ನು ಯಾರಿಗೆ, ಯಾವಾಗ ಕೊಡಬೇಕು?

ಪ್ರಶ್ನೆ: ನನ್ನ ಜೀವನದೃಷ್ಟಿಯನ್ನೇ ಬದಲಿಸಿದ ಕೆಲವು ಪುಸ್ತಕಗಳನ್ನು ಸ್ನೇಹಿತರಿಗೆ ಓದಲು ಕೊಡುತ್ತಿರುತ್ತೇನೆ. ಹೆಚ್ಚಿನವರು ಅರ್ಧಕ್ಕೇ ಬಿಟ್ಟು ಹಿಂದಿರುಗಿಸುತ್ತಾರೆ. ನನ್ನನ್ನು ಅಷ್ಟು ಕಲಕಿದ ಪುಸ್ತಕ ಅವರನ್ನೇಕೆ ತಟ್ಟುವುದಿಲ್ಲ?

ಉತ್ತರ: ನಿಮ್ಮೊಳಗೆ ಆಗಲೇ ಕಾಡುತ್ತಿದ್ದ ಪ್ರಶ್ನೆಯೊಂದಕ್ಕೆ ಆ ಪುಸ್ತಕ ಎದುರಾಗಿದ್ದಿರಬೇಕು. ನಿಮ್ಮ ಸ್ನೇಹಿತರು ಆ ಪ್ರಶ್ನೆಯನ್ನು ಇನ್ನೂ ಕೇಳಿಕೊಂಡಿರಲಿಕ್ಕಿಲ್ಲ, ಅಥವಾ ಕೇಳಿಕೊಂಡು ಬೇರೆಯೇ ಉತ್ತರ ಕಂಡುಕೊಂಡಿರಬಹುದು.

1904ರಲ್ಲಿ ಗಾಂಧೀಜಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟಾಗ, ಬೀಳ್ಕೊಡಲು ನಿಲ್ದಾಣಕ್ಕೆ ಬಂದಿದ್ದ ಗೆಳೆಯ ಹೆನ್ರಿ ಪೋಲಾಕ್ ದಾರಿಯಲ್ಲಿ ಓದಿಕೊಳ್ಳಲೆಂದು ಇಂಗ್ಲಿಷ್ ಲೇಖಕ ಜಾನ್ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕವನ್ನು ಅವರ ಕೈಗಿತ್ತರು. ಇಪ್ಪತ್ತನಾಲ್ಕು ಗಂಟೆಗಳ ಆ ಪ್ರಯಾಣದಲ್ಲಿ ಪುಸ್ತಕವನ್ನು ಕೆಳಗಿಡಲಾಗಲಿಲ್ಲ, ಊರು ತಲುಪಿದ ರಾತ್ರಿ ನಿದ್ದೆಯೂ ಬರಲಿಲ್ಲ ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಎಲ್ಲರ ಒಳಿತಿನಲ್ಲೇ ಒಬ್ಬನ ಒಳಿತೂ ಅಡಗಿದೆ, ವಕೀಲನ ಕೆಲಸಕ್ಕಿರುವ ಬೆಲೆಯೇ ಕ್ಷೌರಿಕನ ಕೆಲಸಕ್ಕೂ ಇದೆ, ಮೈಮುರಿದು ದುಡಿಯುವವರ ಬಾಳೇ ಬಾಳು ಎಂಬ ಮೂರು ತತ್ತ್ವಗಳನ್ನು ಅವರು ಅದರಲ್ಲಿ ಕಂಡರು. ಇವುಗಳಲ್ಲಿ ಮೊದಲನೆಯದು ತಮಗೆ ತಿಳಿದೇ ಇತ್ತು, ಎರಡನೆಯದು ಮಸುಕಾಗಿ ಹೊಳೆದಿತ್ತು, ಮೂರನೆಯದು ಮಾತ್ರ ಎಂದೂ ತೋಚಿರಲಿಲ್ಲ ಎನ್ನುತ್ತಾರೆ. ಬೀಜ ಬೀಳುವ ಮೊದಲೇ ನೆಲ ಹದವಾಗಿತ್ತು. ಅದೇ ವರ್ಷ ಡರ್ಬನ್ ಬಳಿ, ಎಲ್ಲರೂ ಕೂಡಿ ದುಡಿದು ಬಾಳುವ ಫೀನಿಕ್ಸ್ ನೆಲೆ ಹುಟ್ಟಿಕೊಂಡಿತು; 1908ರಲ್ಲಿ ಅವರು ಪುಸ್ತಕದ ಸಾರವನ್ನು ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿ ಓದುಗರಿಗೂ ತಲುಪಿಸಿದರು. (ರಸ್ಕಿನ್ನನ ಇದೇ ಬರಹಗಳು 1860ರಲ್ಲಿ ಪತ್ರಿಕೆಯೊಂದರಲ್ಲಿ ಬರತೊಡಗಿದಾಗ ಓದುಗರ ವಿರೋಧ ಎಷ್ಟಿತ್ತೆಂದರೆ, ನಾಲ್ಕು ಲೇಖನಗಳಿಗೇ ಮಾಲೆಯನ್ನು ನಿಲ್ಲಿಸಬೇಕಾಯಿತು.)

ಪೋಲಾಕ್ ಅವರಿಗೆ ಗೆಳೆಯನ ಮನಸ್ಸು ಗೊತ್ತಿತ್ತು, ಅವನ ಮುಂದೆ ಬಿಡುವಿನ ಒಂದಿಡೀ ದಿನವಿತ್ತು, ಮತ್ತು ಖಂಡಿತ ಇಷ್ಟವಾಗುತ್ತದೆ ಎಂಬುದರಾಚೆಗೆ ಅವರು ಹೆಚ್ಚೇನೂ ಹೇಳಿದಂತಿಲ್ಲ. ನಾವಾದರೋ ಇದನ್ನು ಓದಿದರೆ ನಿಮ್ಮ ಬದುಕೇ ಬದಲಾಗುತ್ತದೆ ಎಂದು ಘೋಷಿಸಿಬಿಡುತ್ತೇವೆ. ಓದುವವರಿಗೆ ಅದು ಪರೀಕ್ಷೆಗೆ ಕೂತಂತಾಗುತ್ತದೆ. ಅದರ ಬದಲು ಯಾವ ಪುಟದಲ್ಲಿ ನೀವು ನಿಂತಿರಿ, ಆಮೇಲೆ ಯಾವ ಒಂದು ರೂಢಿಯನ್ನು ಬಿಟ್ಟಿರಿ ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಕೊಡಿ, ಓದಿದಿರಾ ಎಂದು ಮತ್ತೆ ಮತ್ತೆ ವಿಚಾರಿಸಬೇಡಿ.

ಪ್ರಶ್ನೆ: ತಂದೆಯನ್ನು ಕಳೆದುಕೊಂಡು ದುಃಖದಲ್ಲಿರುವ ಗೆಳತಿಗೆ ವಿಕ್ಟರ್ ಫ್ರಾಂಕಲ್ ಅವರ ‘ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್’ ಕೊಡಬೇಕೆಂದಿದ್ದೇನೆ. ಸರಿಯೇ?

ಉತ್ತರ: ಪುಸ್ತಕ ಒಳ್ಳೆಯದು, ಹೊತ್ತು ಬಹುಶಃ ಇದಲ್ಲ. ನಾಜಿ ಶಿಬಿರಗಳಲ್ಲಿ ಹೆತ್ತವರನ್ನು, ಅಣ್ಣನನ್ನು, ಹೆಂಡತಿಯನ್ನು ಕಳೆದುಕೊಂಡ ಮನೋವೈದ್ಯರೊಬ್ಬರ ಬರಹ ಅದು. ಮೊದಲು ಪ್ರಕಟವಾದದ್ದು 1946ರಲ್ಲಿ, ಜರ್ಮನ್ ಭಾಷೆಯಲ್ಲಿ. ಅಷ್ಟು ದೊಡ್ಡ ನೋವಿನ ಕಥೆಯನ್ನು ಈಗಲೇ ಕೈಗಿತ್ತರೆ, ನಿನ್ನದು ಇದಕ್ಕಿಂತ ಚಿಕ್ಕದು ಎಂದು ನೀವು ಅಳೆದು ತೋರಿಸಿದಂತೆ ಅವರಿಗೆ ಅನಿಸಬಹುದು. ಅಷ್ಟೇ ಅಲ್ಲ, ನೋವೇ ಬದುಕಿಗೆ ಅರ್ಥ ಕೊಡುತ್ತದೆ ಎಂದು ಫ್ರಾಂಕಲ್ ಹೇಳುವುದಿಲ್ಲ. ತಪ್ಪಿಸಬಹುದಾದ ನೋವನ್ನು ತಪ್ಪಿಸುವುದೇ ಅರ್ಥಪೂರ್ಣ ಎನ್ನುತ್ತಾರೆ. ಆ ಎಚ್ಚರಿಕೆಯನ್ನು ಬಿಟ್ಟು ಪುಸ್ತಕವನ್ನು ಹೊಗಳುವವರೇ ಹೆಚ್ಚು. ಸದ್ಯಕ್ಕೆ ಗೆಳತಿಯ ಮಾತಿಗೆ ಕಿವಿಯಾಗಿ. ಮುಂದೆಂದಾದರೂ ಇಂಥದ್ದನ್ನು ಓದಬೇಕೆಂದು ಅವರೇ ಕೇಳಿದಾಗ ಕೊಡಿ.

ಪ್ರಶ್ನೆ: ನನ್ನ ಪ್ರತಿಯ ತುಂಬ ಗೆರೆ ಎಳೆದಿದ್ದೇನೆ, ಅಂಚಿನಲ್ಲಿ ಟಿಪ್ಪಣಿಯೂ ಇದೆ. ಅದನ್ನೇ ಕೊಡಬಹುದೇ?

ಉತ್ತರ: ಮೊದಲ ಓದಿಗೆ ಬೇಡ. ನಿಮ್ಮ ಗೆರೆಗಳು ಅವರ ಕಣ್ಣನ್ನು ಎಳೆದುಕೊಂಡು ಹೋಗುತ್ತವೆ, ಗೆರೆಯಿಲ್ಲದ ಸಾಲುಗಳು ಹಿಂದೆ ಸರಿಯುತ್ತವೆ. ಬೇರೊಂದು ಪ್ರತಿ ಕೊಟ್ಟು, ಅವರು ಓದಿ ಮುಗಿಸಿದ ಮೇಲೆ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಮಾತಿಗೆ ಕೂರಿ. ಅವರು ನಿಂತ ಸಾಲು ಬಹುತೇಕ ನೀವು ಗುರುತು ಹಾಕದೆ ದಾಟಿಹೋದದ್ದೇ ಆಗಿರುತ್ತದೆ.