ಮುದಿ ಬೆಕ್ಕನ್ನು ಬೀಳ್ಕೊಡುವ ಹೊತ್ತು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಪ್ರಾಣಿ ಆಶ್ರಯದಲ್ಲಿ 16 ವರ್ಷದ ಹೆಣ್ಣು ಬೆಕ್ಕಿದೆ. ಎಲ್ಲರಿಗೂ ಅಚ್ಚುಮೆಚ್ಚು. ಕಿಡ್ನಿ ಕಾಯಿಲೆಯಿಂದ ತೂಕ 3 ಕೆ.ಜಿ.ಗೆ ಇಳಿದಿದೆ. ಇನ್ನು ಸಾಕು, ದಯಾಮರಣ ಕೊಡಿಸೋಣ ಎಂದು ಯಾವಾಗ ನಿರ್ಧರಿಸಬೇಕು? ಸ್ವಯಂಸೇವಕರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಓದುಗರೊಬ್ಬರು, ಮೈಸೂರು

ಉತ್ತರ: ಬೆಳಗಿನ ಪಾಳಿಯವರು ಅದು ತಿನ್ನುವುದನ್ನು ನೋಡಿರುತ್ತಾರೆ, ರಾತ್ರಿಯವರು ವಾಂತಿ ಒರೆಸಿರುತ್ತಾರೆ. ಅಭಿಪ್ರಾಯ ಬೇರೆಯಾಗದೆ ಇನ್ನೇನಾದೀತು? ಗೂಡಿನ ಪಕ್ಕ ಒಂದು ಹಾಳೆ ತೂಗುಹಾಕಿ, ಎಲ್ಲರೂ ಅದರಲ್ಲೇ ಬರೆಯಲಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಕೊಟ್ಟ ಅಳತೆಗೋಲು ಇದಕ್ಕೆ ಒದಗುತ್ತದೆ. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬ 7 ಅಂಶಗಳಿಗೆ 0ಯಿಂದ 10ರವರೆಗೆ ಅಂಕ ಕೊಡಬೇಕು. ತೊಂದರೆ ಕಡಿಮೆಯಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35 ದಾಟಿದರೆ ಆರೈಕೆ ಮುಂದುವರಿಸಬಹುದು. ಆದರೆ ನಮಗೆ ಒಟ್ಟು ಅಂಕಕ್ಕಿಂತ ಅದು ಇಳಿಯುವ ವೇಗ ಮುಖ್ಯ. ಹೋದ ವಾರ 48 ಇದ್ದದ್ದು ಈ ವಾರ 37 ಆಗಿದ್ದರೆ ವೈದ್ಯರ ಜೊತೆ ಮಾತು ಇವತ್ತೇ ಆಗಲಿ.

ನೋವಿನ ಅಂಕ ಕೊಡುವಾಗ ಮುಖ ನೋಡಿ. ಕಿವಿಗಳು ಪಕ್ಕಕ್ಕೆ ಚಪ್ಪಟೆಯಾಗಿ ತಿರುಗಿರುವುದು, ಕಣ್ಣು ಕಿರಿದಾಗಿರುವುದು, ಮೀಸೆ ಬಿಗಿಯಾಗಿ ಮುಂದಕ್ಕೆ ಚಾಚಿರುವುದು, ತಲೆ ಭುಜಕ್ಕಿಂತ ಕೆಳಗಿರುವುದು – ಇವು ನೋವಿನ ಗುರುತುಗಳು. ಗುರುಗುಟ್ಟುತ್ತಿದೆ, ಆರಾಮಾಗಿದೆ ಎಂದುಕೊಳ್ಳಬೇಡಿ. ನೋವಿನಲ್ಲೂ ಬೆಕ್ಕು ಗುರುಗುಟ್ಟುತ್ತದೆ. ಪ್ಯಾರಾಸಿಟಮಾಲ್ ಮಾತ್ರ ಖಂಡಿತ ಬೇಡ. ನಮ್ಮ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು. ಎರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ಸೇರಿ ಸ್ಥಿತಿ ಇನ್ನಷ್ಟು ಕೆಡಬಹುದು, ಕಾಯಬೇಡಿ.

ಪ್ರಶ್ನೆ: ಕಿಡ್ನಿ ಕಾಯಿಲೆಯ ಬೆಕ್ಕಿಗೆ ಚರ್ಮದಡಿ ಡ್ರಿಪ್ ಕೊಟ್ಟಾಗ ಅದು ಒದ್ದಾಡುತ್ತದೆ, ಬೆನ್ನು ಉಬ್ಬುತ್ತದೆ. ನಿಲ್ಲಿಸಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒದ್ದಾಟಕ್ಕೆ ಹೆಚ್ಚಿನ ಸಲ ದ್ರವ ತಣ್ಣಗಿರುವುದೇ ಕಾರಣ. ರಿಂಗರ್ ಲ್ಯಾಕ್ಟೇಟ್ (ಡ್ರಿಪ್‌ಗೆ ಬಳಸುವ ಲವಣದ್ರವ) ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟು, ನಾಲ್ಕು ಹನಿ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡಿ; ಬೆಚ್ಚಗಿರಬೇಕು, ಸುಡಬಾರದು. ಸಣ್ಣ ಸೂಜಿಯಲ್ಲಿ ದ್ರವ ನಿಧಾನ, ಬೆಕ್ಕಿಗೆ ತಾಳ್ಮೆ ಕಡಿಮೆ; 18 ಅಥವಾ 20 ಗೇಜ್ (ಸೂಜಿಯ ದಪ್ಪದ ಅಳತೆ) ಸಾಕು, ಪ್ರತಿ ಸಲ ಹೊಸದು. ಭುಜಗಳ ನಡುವಿನ ಚರ್ಮವನ್ನು ಎತ್ತಿ ಹಿಡಿದು ಅದರ ಬುಡಕ್ಕೆ ಚುಚ್ಚಿ. ತುಪ್ಪಳ ಒದ್ದೆಯಾಯಿತೆಂದರೆ ಸೂಜಿ ಆಚೆ ಬದಿಗೆ ಹೊರಬಂದಿದೆ ಎಂದರ್ಥ. ಸಾಧಾರಣ ಗಾತ್ರದ ಬೆಕ್ಕಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 100 ಮಿ.ಲೀ. ಆಸುಪಾಸು, ಆದರೆ ಪ್ರಮಾಣ ನಿಮ್ಮ ವೈದ್ಯರು ಹೇಳಿದ್ದೇ ಆಗಬೇಕು. ಗ್ಲೂಕೋಸ್ ಬಾಟಲಿ ಚರ್ಮದಡಿಗೆ ಬೇಡ.

ಉಬ್ಬು ಸಹಜ. ಕೆಲವೊಮ್ಮೆ ಮುಂಗಾಲಿನತ್ತ ಇಳಿದು ನಿಧಾನಕ್ಕೆ ಕರಗುತ್ತದೆ. ನಿನ್ನೆಯ ಉಬ್ಬು ಇವತ್ತೂ ಹಾಗೇ ಇದ್ದರೆ, ಅಥವಾ ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30 ದಾಟಿದರೆ ಡ್ರಿಪ್ ನಿಲ್ಲಿಸಿ ವೈದ್ಯರಿಗೆ ಫೋನ್ ಮಾಡಿ; ಕೊಟ್ಟ ದ್ರವವನ್ನು ದೇಹ ಅರಗಿಸಿಕೊಳ್ಳುತ್ತಿಲ್ಲ.

ಪ್ರಶ್ನೆ: ದಯಾಮರಣದ ದಿನ ಏನೇನು ಸಿದ್ಧ ಮಾಡಿಕೊಳ್ಳಬೇಕು? ನಂತರ ದೇಹವನ್ನು ಏನು ಮಾಡುವುದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವೈದ್ಯರನ್ನು ಮುಂಚೆಯೇ ಕೇಳಿ: ಮೊದಲು ಮತ್ತು ಬರಿಸುವ ಮದ್ದು ಕೊಟ್ಟು ಪ್ರಜ್ಞೆ ತಪ್ಪಿಸುತ್ತೀರಾ? ಹೌದು ಎಂದರೆ ಮಾತ್ರ ಮುಂದುವರಿಯಿರಿ. ಎಚ್ಚರವಿರುವ ಬೆಕ್ಕಿಗೆ ನೇರವಾಗಿ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುವುದು ಕ್ರೌರ್ಯ, ಯಾವ ಕಾರಣಕ್ಕೂ ಒಪ್ಪಬೇಡಿ. ಮತ್ತಿಗೆ ಕ್ಸೈಲಜಿನ್ ಎಂಬ ಔಷಧ ಬಳಸಿದರೆ ವಾಂತಿ ಆಗಬಹುದು, ಪಕ್ಕದಲ್ಲಿ ಬಟ್ಟೆ ಇರಲಿ. ಕಿಡ್ನಿ ಕಾಯಿಲೆಯ ಬೆಕ್ಕಿನಲ್ಲಿ ರಕ್ತನಾಳ ಸಿಗುವುದು ಕಷ್ಟ. ಕಾಲಿನ ಕೂದಲು ಬೋಳಿಸಿ ಮೊದಲೇ ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ಕೊಳವೆ) ಹಾಕಿದರೆ ಕೊನೆ ಗಳಿಗೆಯಲ್ಲಿ ಹುಡುಕಾಟವಿಲ್ಲ. ಗೂಡಿನ ಹಳೇ ಹಾಸಿಗೆಯ ಮೇಲೇ ಮಲಗಿಸಿ, ಕೆಳಗೆ ಡೈಪರ್ ಹರಡಿ. ಮೂತ್ರ ಹೋಗುತ್ತದೆ, ಕಣ್ಣು ತೆರೆದೇ ಇರುತ್ತದೆ, ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರು ಎಳೆದಂತೆ ಕಾಣಬಹುದು. ಜೀವ ಮರಳಿತೆಂದು ಗಾಬರಿ ಬೇಡ. ವೈದ್ಯರು ಸ್ಟೆತಸ್ಕೋಪ್ ಇಟ್ಟು ಖಚಿತಪಡಿಸಲಿ. ಅಲ್ಲಿರುವವರಿಗೆಲ್ಲ ಇದನ್ನು ಮೊದಲೇ ಹೇಳಿ, ಮುಖ್ಯವಾಗಿ ಹೊಸ ಸ್ವಯಂಸೇವಕರಿಗೆ.

ದೇಹ ಸೆಟೆಯುವ ಮುನ್ನ, ತಡಮಾಡದೆ, ಕಾಲು ಮಡಚಿ ಸುತ್ತಿ ಮಲಗಿಸಿ. ಹೂಳುವುದಾದರೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ಕನಿಷ್ಠ 3 ಅಡಿ ಆಳ, ಬಾವಿ–ಬೋರ್‌ವೆಲ್‌ನಿಂದ ದೂರ, ಮೇಲೆ ಚಪ್ಪಡಿ ಕಲ್ಲು. ದಯಾಮರಣಕ್ಕೆ ಕೊಟ್ಟ ಔಷಧ ದೇಹದಲ್ಲೇ ಉಳಿದಿರುತ್ತದೆ. ನಾಯಿ ಅಗೆದು ತಿಂದರೆ, ಹದ್ದು ಕುಕ್ಕಿದರೆ ಅವೂ ಸಾಯಬಹುದು. ತೋಟವಿಲ್ಲದವರು ನಗರಪಾಲಿಕೆಯಲ್ಲಿ ಪ್ರಾಣಿಗಳ ಚಿತಾಗಾರವಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಡಿ. ಉಳಿದ ಸೂಜಿಗಳನ್ನು ಕಸಕ್ಕೆ ಎಸೆಯದೆ ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಆಸ್ಪತ್ರೆಗೆ ವಾಪಸ್ ಕೊಡಿ.