ನಾಲ್ಕನೇ ಬೇಸ್ ಕೊಳ್ಳುವ ಮೊದಲು ತಂತಿ ಬದಲಾಯಿಸಿ ನೋಡಿ

ಮೂರು ಬೇಸ್ ಗಿಟಾರ್ ಇದ್ದೂ ನಾಲ್ಕನೆಯದು ಕೊಳ್ಳಲಾ ಅನ್ನುವ ನಿಮ್ಮ ಪ್ರಶ್ನೆ ಓದಿ ನಗು ಬಂತು. ಎರಡು ವರ್ಷದ ಹಿಂದೆ ನಾನೂ ಇದನ್ನೇ ಕೇಳುತ್ತಾ ಓಡಾಡುತ್ತಿದ್ದೆ. ನಿಮ್ಮ ಹತ್ತಿರ ಫೆಂಡರ್ ಮಾದರಿಗಳಾದ ಪ್ರೆಸಿಷನ್ ಒಂದು, ಜಾಝ್ ಒಂದು, ಐದು ತಂತಿಯ ಆಕ್ಟಿವ್ (ಒಳಗೆ ಬ್ಯಾಟರಿ ಇರುವ) ಬೇಸ್ ಒಂದು ಇದೆ. ಈಗ ಯಾರೋ ತಮ್ಮ ಹಳೆಯ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್ ಮಾರುತ್ತಿದ್ದಾರೆ, ನಿಮಗೆ ಬಿಡಲು ಮನಸ್ಸಿಲ್ಲ. ಕೊನೆಯಲ್ಲಿ "ಫ್ರೆಟ್‌ಲೆಸ್ ಮೇಲೂ ಒಂದು ಕಣ್ಣಿದೆ" ಅಂತ ಮೆಲ್ಲಗೆ ಸೇರಿಸಿದ್ದೀರಿ, ಅಂದರೆ ನೆಕ್ ಮೇಲೆ ಫ್ರೆಟ್ ಅನ್ನುವ ಲೋಹದ ಪಟ್ಟಿಗಳಿಲ್ಲದ ಬೇಸ್. ನನ್ನನ್ನು ಕೇಳಿದರೆ ಸ್ಟಿಂಗ್‌ರೇ ಸದ್ಯಕ್ಕೆ ಬೇಡ, ಫ್ರೆಟ್‌ಲೆಸ್ ಆದರೆ ಯೋಚಿಸಬಹುದು.

ಸ್ಟಿಂಗ್‌ರೇ ಕೆಟ್ಟದ್ದು ಅಂತಲ್ಲ. 1976ರಿಂದ ಇದೆ, ತಂತಿಯ ಕೆಳತುದಿ ಕೂರುವ ಬ್ರಿಡ್ಜ್ ಹತ್ತಿರದ ಆ ದಪ್ಪ ಹಂಬಕರ್ ಪಿಕಪ್, ದನಿ ಹೆಚ್ಚಿಸುವ ಆಕ್ಟಿವ್ ಪ್ರೀಆಂಪ್, ಹೆಬ್ಬೆರಳಿಂದ ತಂತಿಗೆ ಹೊಡೆದು ಸ್ಲ್ಯಾಪ್ ಮಾಡಿದರೆ ಕೋಣೆಯೇ ಎದ್ದು ಕೂರುತ್ತದೆ. ಆದರೆ ಒಂಟಿಯಾಗಿ ಕೂತು ನುಡಿಸುವಾಗ ಕೇಳುವ ಆ ವ್ಯತ್ಯಾಸ ಡ್ರಮ್ಸ್, ಗಿಟಾರ್, ಹಾಡು ಸೇರಿದ ಮೇಲೆ ಎಷ್ಟು ಉಳಿಯುತ್ತದೆ?

ನಾನೊಮ್ಮೆ ಇದನ್ನು ಮಾಡಿ ನೋಡಿದೆ. ನನ್ನ ಮೂರು ಬೇಸ್‌ಗಳಲ್ಲಿ ಒಂದೇ ಲೈನ್ ನುಡಿಸಿ, ಒಂದೇ ಡ್ರಮ್ ಟ್ರ್ಯಾಕ್ ಜೊತೆ ರೆಕಾರ್ಡ್ ಮಾಡಿ, ಫೈಲ್‌ಗಳಿಗೆ ಬರೀ ನಂಬರ್ ಕೊಟ್ಟು ಬಿಟ್ಟೆ. ಹತ್ತು ದಿನ ಬಿಟ್ಟು ಕೇಳಿದಾಗ ಎರಡನ್ನು ಅದಲುಬದಲು ಹೇಳಿದ್ದೆ! ಸರಿಯಾಗಿ ಗುರುತು ಸಿಕ್ಕಿದ್ದು ಒಂದೇ, ಅದೂ ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಸುತ್ತಿನ ನುಣುಪು ತಂತಿ ಹಾಕಿದ್ದರಿಂದ. ಆವತ್ತು ಬುಕ್‌ಮಾರ್ಕ್ ಮಾಡಿಟ್ಟಿದ್ದ ಎರಡು ಬೇಸ್‌ಗಳನ್ನು ಸುಮ್ನೆ ಅಳಿಸಿಬಿಟ್ಟೆ.

ಹಾಗಾಗಿ ಮೊದಲು ನಿಮ್ಮ ಪ್ರೆಸಿಷನ್‌ಗೆ ಒಂದು ಸೆಟ್ ಫ್ಲಾಟ್‌ವೂಂಡ್ ಹಾಕಿ. ಜಾಝ್‌ನಲ್ಲಿ ಈಗಿರುವ ರೌಂಡ್‌ವೂಂಡೇ (ದುಂಡು ಸುತ್ತಿನ ತಂತಿ) ಇರಲಿ. ಹೊಸ ಬೇಸ್ ತಂದಷ್ಟೇ ಬದಲಾವಣೆ ಕೇಳುತ್ತದೆ, ಖರ್ಚು ಅದರ ಒಂದು ಚೂರು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅಷ್ಟೆಲ್ಲಾ ಹಾಡುಗಳಿಗೆ ನುಡಿಸಿದ್ದು ಹೆಚ್ಚಾಗಿ 1962ರ ಒಂದೇ ಪ್ರೆಸಿಷನ್‌ನಲ್ಲಿ, ಫ್ಲಾಟ್‌ವೂಂಡ್ ತಂತಿಯಲ್ಲಿ, ಬಲಗೈಯ ತೋರುಬೆರಳೊಂದರಲ್ಲೇ. ತಂತಿ ಬದಲಾಯಿಸುತ್ತಿದ್ದುದೇ ಅಪರೂಪ. ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಒಂದು ತುಂಡು ಸ್ಪಾಂಜ್ ಸಿಕ್ಕಿಸಿ ನೋಡಿ, ಅದು ಮತ್ತೊಂದು ದನಿ. ಒಂದು ಎಚ್ಚರ: ಫ್ಲಾಟ್‌ವೂಂಡ್‌ಗೆ ಸಾಮಾನ್ಯವಾಗಿ ಬಿಗಿ ಜಾಸ್ತಿ. ನೆಕ್ ಸ್ವಲ್ಪ ಮುಂದಕ್ಕೆ ಬಾಗಿದರೆ ಗಾಬರಿ ಬೇಡ. ನೆಕ್ ಒಳಗೆ ಬಾಗು ಸರಿಪಡಿಸಲು ಇರುವ ಟ್ರಸ್ ರಾಡ್ ಸರಳನ್ನು ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ನೋಡಿ. ಒಂದೇ ಸಲಕ್ಕೆ ಜೋರಾಗಿ ತಿರುಗಿಸಬೇಡಿ.

ಹಾಗಾದರೆ ಇನ್ನೊಂದು ಬೇಸ್ ಯಾವಾಗ ಬೇಕು? ಇರುವುದರಲ್ಲಿ ಕೈ ಮಾಡಲಾಗದ್ದನ್ನು ಹೊಸದರಲ್ಲಿ ಮಾಡುವಂತಿದ್ದರೆ. 34 ಇಂಚಿನ ಸ್ಕೇಲ್‌ಗೆ (ಮಿಡಿಯುವ ತಂತಿಯ ಉದ್ದ) ಬೆರಳು ಚಾಚಿ ಮಣಿಕಟ್ಟು ನೋಯುತ್ತಿದ್ದರೆ 30 ಇಂಚಿನ ಶಾರ್ಟ್ ಸ್ಕೇಲ್‌ಗೆ ಕಾರಣವಿದೆ. ಫ್ರೆಟ್‌ಲೆಸ್‌ಗೂ ಇದೆ. ಅದರ ಜಾರುವ ದನಿಯನ್ನು ಯಾವ ಪೆಡಲೂ ಪೂರ್ತಿ ಕೊಡುವುದಿಲ್ಲ. ಹೆಸರಾಂತ ಬೇಸ್ ವಾದಕ ಜಾಕೋ ಪ್ಯಾಸ್ಟೋರಿಯಸ್ ನುಡಿಸುತ್ತಿದ್ದದ್ದೂ ಫ್ರೆಟ್ ಕಿತ್ತು, ಬೆರಳೊತ್ತುವ ಬೋರ್ಡ್ ಮೇಲೆ ಎಪಾಕ್ಸಿ ಅಂಟು ಬಳಿದ ಜಾಝ್ ಬೇಸೇ. ನೀವು ಕಿತ್ತುಹಾಕಿ ಅನ್ನುತ್ತಿಲ್ಲ! ಆದರೆ ನಿಮ್ಮ ಜಾಝ್‌ನ ನೆಕ್ ಸ್ಕ್ರೂ ಹಾಕಿ ಕೂರಿಸಿದ್ದಲ್ವಾ, ಅಳತೆ ಹೊಂದುವ ಫ್ರೆಟ್‌ಲೆಸ್ ನೆಕ್ ಒಂದನ್ನೇ ತಂದು ಹಾಕಬಹುದು. ಪದೇ ಪದೇ ಬಿಚ್ಚಿ ಹಾಕಿದರೆ ಮರದ ತೂತು ಸಡಿಲವಾಗುತ್ತದೆ, ಹಾಕಿದ ಮೇಲೆ ಕೆಲವು ತಿಂಗಳಾದರೂ ಬಿಡಿ. ಮೊದಲ ಫ್ರೆಟ್‌ಲೆಸ್‌ಗೆ ಫ್ರೆಟ್ ಇರಬೇಕಾದ ಜಾಗದಲ್ಲಿ ಗೆರೆ ಇರುವ ಬೋರ್ಡೇ ವಾಸಿ. ಬೆರಳು ಗೆರೆಯ ಹಿಂದೆ ಅಲ್ಲ, ಸರಿಯಾಗಿ ಗೆರೆಯ ಮೇಲೆ ಕೂರಬೇಕು. ಇದು ರೂಢಿಯಾಗುವ ತನಕ ಟ್ಯೂನರ್ ಆನ್ ಇಟ್ಟುಕೊಂಡೇ ನುಡಿಸಿ, ಸ್ವಲ್ಪ ನಾಚಿಕೆಯಾಗುತ್ತದೆ.

ಇನ್ನು ನಿಮ್ಮ ಐದು ತಂತಿಯದು. "ಅಷ್ಟಾಗಿ ತೆಗೆಯುವುದಿಲ್ಲ" ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ನನಗೆ ಇಡೀ ಪ್ರಶ್ನೆಗಿಂತ ಆ ಸಾಲೇ ಮುಖ್ಯ ಅನ್ನಿಸಿತು. ಕೆಳಗಿನ ಬಿ ತಂತಿ ಸುಮಾರು 31 ಹರ್ಟ್ಸ್, ಮಾಮೂಲಿ ನಾಲ್ಕು ತಂತಿಯ ಇ 41 ಹರ್ಟ್ಸ್. ಸಣ್ಣ ಆಂಪ್‌ನಲ್ಲಿ ಆ ಬಿ ಬರೀ ಗೊಣಗುತ್ತದೆ, ಅದಕ್ಕೇ ತೆಗೆಯಲು ಮನಸ್ಸು ಬರುವುದಿಲ್ಲವೇನೋ. ಹೆಡ್‌ಫೋನ್ ಹಾಕಿ ಒಮ್ಮೆ ನುಡಿಸಿ. ಆಗಲೂ ಕೈ ಹೋಗದಿದ್ದರೆ ಅದನ್ನು ಮಾರಿ. ನಿಮಗೆ ಬೇಕಾಗಿರುವುದು ಇ ಸ್ವರದ ಕೆಳಗಿನ ಡಿ ಸ್ವರ ಮಾತ್ರ ಆಗಿದ್ದರೆ ನಾಲ್ಕು ತಂತಿಯದರಲ್ಲೇ ಇ ತಂತಿ ಸಡಿಲಿಸಿದರೆ ಸಾಕು. ಆ ದುಡ್ಡಿನಲ್ಲಿ ಫ್ರೆಟ್‌ಲೆಸ್ ಬಂದರೆ ಲೆಕ್ಕ ಮೂರಕ್ಕೇ ನಿಲ್ಲುತ್ತದೆ.

ಇಷ್ಟು ಹೇಳಿದರೂ ನೀವು ಸ್ಟಿಂಗ್‌ರೇ ನೋಡಲು ಹೋಗುತ್ತೀರಿ ಅಂತ ಗೊತ್ತು. ಹೋದರೆ ತಂತಿ ಬಿಗಿಸುವ ತುದಿಯ, ಅಂದರೆ ಹೆಡ್‌ಸ್ಟಾಕ್ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ. ಬಾಗಿದ್ದರೆ ಸರಿ ಮಾಡಬಹುದು, ತಿರುಚಿಕೊಂಡಿದ್ದರೆ ಮುಟ್ಟಬೇಡಿ. ಟ್ರಸ್ ರಾಡ್ ಇನ್ನೂ ತಿರುಗುತ್ತದಾ ಅಂತ ಮಾರುವವರನ್ನೇ ತಿರುಗಿಸಿ ತೋರಿಸಲು ಹೇಳಿ. ನಾಲ್ಕು ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ ನುಡಿಸಿ, ನಾಬ್ ತಿರುಗಿಸಿದಾಗ ಕರಕರ ಅನ್ನುತ್ತದಾ ಕೇಳಿ. ಆಮೇಲೆ ಬೆಲ್ಟ್ ಹಾಕಿಕೊಂಡು ನಿಂತೇ ಅರ್ಧ ಗಂಟೆ ನುಡಿಸಿ. ಕೂತಾಗ ಹಗುರ ಅನ್ನಿಸಿದ್ದು ನಿಂತಾಗ ಭುಜಕ್ಕೆ ಗೊತ್ತಾಗುತ್ತದೆ.

ಜಾಸ್ತಿ ಬೇಸ್ ಇದ್ದರೆ ಆಗುವ ಇನ್ನೊಂದು ಪಜೀತಿ ನನ್ನದೇ. ನನ್ನ ಆಕ್ಟಿವ್ ಬೇಸ್ ಒಂದು ವರ್ಷ ಕೇಸ್‌ನಲ್ಲೇ ಮಲಗಿತ್ತು. ಹೊರಗೆ ತೆಗೆದು ಜ್ಯಾಕ್ ಹಾಕಿದರೆ ಸದ್ದೇ ಇಲ್ಲ. ಹಿಂದಿನ ಮುಚ್ಚಳ ಬಿಚ್ಚಿದೆ. 9 ವೋಲ್ಟ್ ಬ್ಯಾಟರಿ ಸೋರಿ, ಕ್ಲಿಪ್ ಮೇಲೆಲ್ಲಾ ಹಸಿರು ಪುಡಿ ಕಟ್ಟಿ, ಕೆಂಪು ವೈರ್ ಮುಟ್ಟಿದ ಕೂಡಲೇ ಕಿತ್ತು ಕೈಗೆ ಬಂತು. ಕ್ಲಿಪ್ ಬದಲಿಸಿ ಬೆಸುಗೆ ಹಾಕಿದ್ದಾಯಿತು, ಆದರೆ ಆ ಪುಡಿ ಒಳಗಿನ ಬೋರ್ಡ್ ತನಕ ಹೋಗಿದ್ದರೆ ಪ್ರೀಆಂಪೇ ಹೋಗುತ್ತಿತ್ತು. ನಿಮ್ಮ ಐದು ತಂತಿಯದರ ಮುಚ್ಚಳ ಕೊನೆಗೆ ತೆಗೆದದ್ದು ಯಾವಾಗ? ಸ್ಟಿಂಗ್‌ರೇ ಮಾರುವವರಿಗೆ ಫೋನ್ ಮಾಡುವ ಮೊದಲು ಇವತ್ತೇ ಒಂದು ಸಲ ತೆಗೆದು ನೋಡಿಬಿಡಿ.